ಮೀಕಾಯೇಲನೇ ಯೇಸುವೇ? ಪ್ರಧಾನ ದೂತರು ಎಷ್ಟು ಮಂದಿ?

ಪ್ರಶ್ನೆ: ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು ಪ್ರಧಾನ ದೂತ (ದೇವದೂತರಲ್ಲಿ ಮುಖ್ಯನಾದವನು) ಮೀಕಾಯೇಲನೇ ಯೇಸು ಅನ್ನುತ್ತಾರೆ. ಕ್ಯಾಥೊಲಿಕರು ಮೀಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂವರು ಪ್ರಧಾನ ದೂತರ ಹಬ್ಬ ಮಾಡುತ್ತಾರೆ. ಇದಕ್ಕೆ ಆಧಾರ ಯಾವ ವಚನ?

ಉತ್ತರ 1: ಸಾಕ್ಷಿಗಳ ಮುಖ್ಯ ಆಧಾರ 1 ಥೆಸಲೋನಿಕ 4:16: ಕರ್ತನು ಪ್ರಧಾನ ದೂತನ ಶಬ್ದದೊಡನೆ ಇಳಿದು ಬರುವನು. ಅದೇ ವಚನದಲ್ಲಿ ದೇವರ ತುತೂರಿಯೂ ಇದೆ. ಶಬ್ದ ಜೊತೆಗಿದ್ದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗುವುದಿಲ್ಲ. ಇಬ್ರಿಯ 1:5 ಮಗನನ್ನು ದೂತರಿಂದ ಬೇರ್ಪಡಿಸುತ್ತದೆ. ದಾನಿಯೇಲ 10:13ರಲ್ಲಂತೂ ಮೀಕಾಯೇಲ ‘ಪ್ರಧಾನರಲ್ಲಿ ಒಬ್ಬ’, ಅಂದರೆ ಅವನಿಗೆ ಸಮಾನರಿದ್ದಾರೆ. ನನಗೆ ಇದೇ ಬಲವಾದ ವಾದ.

ಉತ್ತರ 2: ಅಡ್ವೆಂಟಿಸ್ಟರು ಎಂಬ ಪ್ರೊಟೆಸ್ಟೆಂಟ್ ಪಂಗಡದವರನ್ನು ಸಾಕ್ಷಿಗಳ ಜೊತೆ ಬೆರೆಸಬೇಡಿ, ದಯವಿಟ್ಟು. ಅವರಿಗೂ ಮೀಕಾಯೇಲ ಕ್ರಿಸ್ತನ ಹೆಸರೇ, ಆದರೆ ಕ್ರಿಸ್ತ ಸೃಷ್ಟಿಯಲ್ಲ, ಪೂರ್ಣ ದೇವರು. ಸಾಕ್ಷಿಗಳಿಗೆ ಅವನು ಮೊದಲ ಸೃಷ್ಟಿ.

ಉತ್ತರ 3: ಪ್ರಧಾನ ದೂತರ ಸಂಖ್ಯೆಯ ಜಗಳ, ಯಾವ ಗ್ರಂಥಗಳು ಬೈಬಲಿಗೆ ಸೇರುತ್ತವೆ ಎಂಬ ಪಟ್ಟಿಯದು. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ‘ಪ್ರಧಾನ ದೂತ’ ಎಂಬ ಬಿರುದು ಹೆಸರು ಸಮೇತ ಸಿಗುವುದು ಮೀಕಾಯೇಲನಿಗೊಬ್ಬನಿಗೇ, ಯೂದ 9ರಲ್ಲಿ. ಗಬ್ರಿಯೇಲನಿಗೆ ಲೂಕನೂ ಆ ಬಿರುದು ಕೊಟ್ಟಿಲ್ಲ. ರಫಾಯೇಲ ಬರುವುದು ಕ್ಯಾಥೊಲಿಕ್ ಬೈಬಲಿನಲ್ಲಿರುವ, ಪ್ರೊಟೆಸ್ಟೆಂಟ್ ಬೈಬಲಿನಲ್ಲಿಲ್ಲದ ತೋಬಿತನ ಗ್ರಂಥದಲ್ಲಿ. 12:15ರಲ್ಲಿ ತಾನು ಏಳು ದೂತರಲ್ಲೊಬ್ಬ ಎನ್ನುತ್ತಾನೆ. ಉರಿಯೇಲ ಎಂಬ ಇನ್ನೊಬ್ಬ ದೂತನನ್ನು ಆರ್ಥಡಾಕ್ಸರು ಗೌರವಿಸುತ್ತಾರೆ; ಅವನ ಹೆಸರಿರುವ ಹನೋಕನ ಗ್ರಂಥವನ್ನು ಬೈಬಲಿನಲ್ಲಿಟ್ಟುಕೊಂಡಿರುವ ಇಥಿಯೋಪಿಯಾ ಸಭೆಯೂ ಅಷ್ಟೆ. ಕ್ರಿ.ಶ. 745ರಲ್ಲಿ ರೋಮಿನಲ್ಲಿ ನಡೆದ ಧರ್ಮಾಧ್ಯಕ್ಷರ ಸಮ್ಮೇಳನ ಮಾತ್ರ ಉರಿಯೇಲನೂ ಸೇರಿದ್ದ ಪ್ರಾರ್ಥನೆಯೊಂದನ್ನು ಖಂಡಿಸಿ, ಮೀಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂರೇ ಹೆಸರು ಒಪ್ಪಿತು. ಕ್ಯಾಥೊಲಿಕರಲ್ಲಿ ಈ ಮೂವರ ಹಬ್ಬ ಸೆಪ್ಟೆಂಬರ್ 29.