‘ನಾಟ್ ಫಾರ್ ಬಾಲ್’: ಗುಂಡಿಗಲ್ಲದ ಕೋವಿ ಎನ್ನಬಹುದೇ?

ಗೆಳೆಯರೇ,

ಕೊಡಗಿನ ಪರಿಚಿತರೊಬ್ಬರ ಮನೆಯಲ್ಲಿರುವ ಹಳೆಯ ಇಂಗ್ಲಿಷ್ ಜೋಡುನಳಿಗೆ ಕೋವಿಯ ಬಗ್ಗೆ ಒಂದು ಪುಟದ ಕನ್ನಡ ಟಿಪ್ಪಣಿ ಬರೆದುಕೊಡಲು ಒಪ್ಪಿಕೊಂಡೆ. ಕಾಲ ಗುರುತಿಸುವುದು ಸುಲಭವಾಯಿತು, ಪದಗಳೇ ಕೈಕೊಟ್ಟವು.

ನಳಿಗೆಗಳನ್ನು ಬಿಚ್ಚಿ ಮಗುಚಿದರೆ ತಳದಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ, ಅಂದರೆ ನಳಿಗೆಗಳ ಗಟ್ಟಿತನ ಪರೀಕ್ಷಿಸುವ ಸಂಸ್ಥೆಯ ಠಸ್ಸೆ: ಕಿರೀಟ, ಅದರ ಕೆಳಗೆ ಅಡ್ಡಹಾಯ್ದ ರಾಜದಂಡಗಳು. ಪಕ್ಕದಲ್ಲಿ ‘ನಾಟ್ ಫಾರ್ ಬಾಲ್’. ತುದಿಯಲ್ಲಿ ಕಿರಿದಾಗಿಸಿದ, ಅಂದರೆ ಚೋಕ್ ಇರುವ ನಳಿಗೆಗೆ 1875ರಿಂದ 1887ರವರೆಗೆ ಹೀಗೆ ಒತ್ತುತ್ತಿದ್ದರು. ಆಮೇಲೆ ‘ಚೋಕ್’ ಎಂಬ ಪದವೇ ಬಂತು. ನಳಿಗೆ ಕೂರುವ ಉಕ್ಕಿನ ಭಾಗದ ಮೇಲೆ ಆನ್ಸನ್ ಮತ್ತು ಡೀಲಿ ಪೇಟೆಂಟ್ ಎಂದಿದೆ. ಕೋವಿ ಸಿಡಿಸುವ ಯಂತ್ರಭಾಗಕ್ಕೆ ಆ ಇಬ್ಬರು ಪಡೆದ ಪೇಟೆಂಟ್ ಅದು, 1875ರದು. ಆದರೆ ಪೇಟೆಂಟ್ ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತದೆ; ಈಚಿನ ಗಡಿ ಹಾಕಿಕೊಟ್ಟದ್ದು ಠಸ್ಸೆ.

ತೊಡಕು ಇಲ್ಲಿದೆ. ಬಾಲ್ ಎಂದರೆ ಸೀಸದ ಒಂಟಿ ಗುಂಡು. ‘ಗುಂಡಿಗಲ್ಲ’ ಎಂದರೆ ಕೋವಿ ಹಿಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. ಅವರಿಗೆ ಗುಂಡು ಬೇರೆ, ಚರೆ (ಒಟ್ಟಿಗೆ ಹಾರುವ ಸಣ್ಣ ಸೀಸದ ಕಾಳುಗಳು) ಬೇರೆ. ಪತ್ರಿಕೆ ಓದುವವರಿಗೆ ಕೋವಿಯಿಂದ ಹೊರಟದ್ದೆಲ್ಲ ಗುಂಡೇ. ಗುಂಡಿಗಲ್ಲದ ಕೋವಿ ಗೋಡೆಯ ಅಲಂಕಾರಕ್ಕೆ ಇರಬೇಕು ಎಂದುಕೊಂಡಾರು. (ಸಂಜೆಯ ‘ಗುಂಡು’ ನೆನಪಾದವರಿಗೆ ನನ್ನಲ್ಲಿ ಉತ್ತರವಿಲ್ಲ.) ‘ಚರೆಗೆ ಮಾತ್ರ’ ಎಂದು ತಿರುಗಿಸಿದರೆ ಅರ್ಥ ಉಳಿಯುತ್ತದೆ, ಗದರಿಕೆ ಹೋಗುತ್ತದೆ. ಬೋರ್ ಎಂಬ ಅಳತೆ ಹುಟ್ಟಿದ್ದೂ ಇದೇ ಗುಂಡಿನಿಂದ: ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಎರೆದರೆ ಅವುಗಳಲ್ಲೊಂದರ ಅಗಲವೇ 12 ಬೋರ್. ಹಾಗಾಗಿ ‘ಗುಂಡು’ ಬಿಡಲು ನನಗೆ ಮನಸ್ಸಿಲ್ಲ.

‘ಪ್ರೂಫ್’ ಕೂಡ ಕಾಡಿತು. ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ತಡೆದುಕೊಂಡರೆ ಠಸ್ಸೆ ಒತ್ತುವುದು ಕ್ರಮ. ಒರೆಗಲ್ಲನ್ನು ನೆನೆದು ‘ಒರೆಮುದ್ರೆ’ ಎಂದು ಬರೆದೆ. ಓದಿದ ನನ್ನ ತಮ್ಮ ಕತ್ತಿಯ ಒರೆ ಎಂದುಕೊಂಡ. ಆಯುಧದ ಪಕ್ಕ ಆ ಪದ ಇಟ್ಟವನು ನಾನು, ಅವನ ತಪ್ಪೇನು?

ತೋಟೆ ಸಿಡಿಸಲು ಬಡಿಯುವ ಭಾಗಕ್ಕೆ, ಅಂದರೆ ಹ್ಯಾಮರ್‌ಗೆ, ‘ಕುದುರೆ’ ಎಂಬ ಒಳ್ಳೆಯ ಮಾತಿದೆ. ಈ ಕೋವಿಯಲ್ಲಿ ಅದು ಹೊರಗೆ ಕಾಣುವುದಿಲ್ಲ. ‘ಕುದುರೆಯಿಲ್ಲದ’ ಎಂದರೆ ಸುಳ್ಳಾಗುತ್ತದೆ ಎಂದು ‘ಒಳಗುದುರೆ’ ಕಟ್ಟಿದ್ದೇನೆ. ನಿಮ್ಮ ಕಡೆಯ ಹಿರಿಯರು, ಕೋವಿ ರಿಪೇರಿಯವರು ಇದಕ್ಕೂ ಚೋಕ್‌ಗೂ ಏನನ್ನುತ್ತಿದ್ದರು? ನಿಘಂಟಿನದಲ್ಲ, ಬಾಯಲ್ಲಿ ಕೇಳಿದ ಪದವಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ.