ಕೀಲಿ ಎಂದರೆ ಬೀಗವೋ, ಬೀಗದ ಕೈಯೋ? ಹಳೆಯ ಕಾರಿನ ಬೀಗದ ಕೆಲಸಕ್ಕೆ ಪದಗಳು ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮೈಸೂರು ಕಡೆಯವನು. ಹನ್ನೊಂದು ವರ್ಷದಿಂದ ಧಾರವಾಡದಲ್ಲಿದ್ದೇನೆ. ಅಪ್ಪ ಓಡಿಸುತ್ತಿದ್ದ 1969ರ ಫಿಯೆಟ್ 1100 ಡಿಲೈಟ್ ಈಗ ನನ್ನ ಬಳಿ ಇದೆ. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದದ್ದು ಇದೇ ಗಾಡಿ, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದದ್ದು. ಕಳೆದ ವರ್ಷ ಅದರ ಬಾಗಿಲಿನ ಕೀ ಕಳೆದುಹೋಯಿತು. ನಾನು ಊರಲ್ಲಿರಲಿಲ್ಲ. ಗ್ಯಾರೇಜಿಗೆ ಫೋನ್ ಮಾಡಿ, "ಬಾಗಿಲಿನ ಕೀಲಿ ಹೋಗಿದೆ, ಹೊಸದು ಮಾಡಿಸಿಬಿಡಿ" ಎಂದೆ. 'ಕೀ' ಅನ್ನುವುದಕ್ಕಿಂತ ಕನ್ನಡದ ಪದವೇ ಇರಲಿ ಎಂದು 'ಕೀಲಿ' ಎಂದಿದ್ದೆ.

ಎರಡು ದಿನ ಬಿಟ್ಟು ಹೋದೆ. "ಕೀಲಿ ಹೊಸಾದ ಹಾಕೇವ್ರಿ ಸರ, ಎರಡು ಚಾವಿ ಅದಾವ ನೋಡ್ರಿ" ಎಂದು ಕೈಗೆ ಕೊಟ್ಟರು. ಬಾಗಿಲಲ್ಲಿ ಹೊಳೆಯುವ ಹೊಸ ಬೀಗ ಕೂತಿತ್ತು. ಅಪ್ಪನ ಕಾಲದ ಬೀಗ ಗುಜರಿ ಡಬ್ಬಿ ಸೇರಿತ್ತು. ಪುಣ್ಯಕ್ಕೆ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ, ಅರ್ಧ ಗಂಟೆ ಹುಡುಕಿ ತೆಗೆದೆ.

ಅವರದ್ದೇನೂ ತಪ್ಪಿಲ್ಲ. ಇಲ್ಲಿ ಕೀಲಿ ಎಂದರೆ ಬೀಗ. "ಮನೀಗೆ ಕೀಲಿ ಹಾಕೀರೇನು?" ಎಂದೇ ಕೇಳುತ್ತಾರೆ. ತೆರೆಯುವ ವಸ್ತು ಕೀಲಿಕೈ ಅಥವಾ ಚಾವಿ. ನಮ್ಮ ಕಡೆ ಹಾಕುವುದು ಬೀಗ, ತೆರೆಯುವುದು ಬೀಗದ ಕೈ. ನಮ್ಮಜ್ಜಿ ಬೀಗದೆಸಳು ಅನ್ನುತ್ತಿದ್ದರು, ಹೂವಿನ ಎಸಳಿನ ಹಾಗೆ. ಕೀಲಿ ಎಂಬುದು ನಮಗೆ ಬಂದದ್ದು ಬಹುಮಟ್ಟಿಗೆ ಓದಿನಿಂದ, ಅದೂ ತೆರೆಯುವ ವಸ್ತುವಿನ ಅರ್ಥದಲ್ಲಿ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಇರುವುದೂ ಅದೇ ಅರ್ಥ. ಧಾರವಾಡದ ಕಿವಿಯಿಂದ ಕೇಳಿದರೆ ಕೀಲಿಮಣೆ ಬೀಗಗಳ ಮಣೆ. ಗಡಿಯಾರಕ್ಕೆ ಕೀಲಿ ಕೊಡುವುದು ಎಂಬ ಬಳಕೆಯೂ ಇದೆ, ಅಲ್ಲಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ.

ಸಂಸ್ಕೃತದ ಕೀಲ ಎಂದರೆ ಗೂಟ, ಬೆಣೆ. ಆ ಲೆಕ್ಕದಲ್ಲಿ ಧಾರವಾಡದವರ ಅರ್ಥವೇ ಮೂಲಕ್ಕೆ ಹತ್ತಿರ ಎಂದು ನನಗನ್ನಿಸುತ್ತದೆ, ಬಾಗಿಲನ್ನು ತಡೆಯುವುದು ಗೂಟವೇ ತಾನೆ. ಚಾವಿ ಪೋರ್ಚುಗೀಸರ 'ಶಾವೆ'ಯಿಂದ ಬಂದು ಕೊಂಕಣಿ, ಮರಾಠಿ, ಹಿಂದಿಯಲ್ಲೆಲ್ಲ ನೆಲೆಯೂರಿದ ಪದ. ಉತ್ತರ ಕರ್ನಾಟಕದಲ್ಲಿ ಅದನ್ನು ಹೊರಗಿನದೆಂದು ಯಾರೂ ಎಣಿಸುವುದಿಲ್ಲ.

ಇನ್ನು ನಿಜವಾದ ಪ್ರಶ್ನೆ. ಹಳೆಯ ಬೀಗ ಸಿಕ್ಕಿತು, ಅದಕ್ಕೆ ಕೈ ಇಲ್ಲ. ಮಾರ್ಕೆಟ್ಟಿನ ಹತ್ತಿರ ಬೀಗ ರಿಪೇರಿ ಮಾಡುವ ಒಬ್ಬ ಹಿರಿಯರ ಬಳಿ ಒಯ್ದೆ. ಇನ್ನೂ ಹಲ್ಲು ಕೊರೆಯದ ಒಂದು ಬೋಳು ಕೀಯನ್ನು ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಿ ಒಳಗೆ ತೂರಿಸಿದರು. ಬಿಗಿಯಾಗಿ ತಿರುವಿ, ಮೇಲೆ ಕೆಳಗೆ ಅಲುಗಿಸಿ, ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಸರಿಯಾದ ಕೈ ಬರುವತನಕ ಬೀಗ ತಿರುಗದಂತೆ ಒಳಗೆ ತಡೆಯುವ ಹಿತ್ತಾಳೆ ಬಿಲ್ಲೆಗಳು ಒತ್ತಿದ ಕಡೆ ಕೂದಲೆಳೆಯಷ್ಟು ಗುರುತು ಬಿದ್ದಿರುತ್ತದೆ. ಆ ಜಾಗದಲ್ಲಷ್ಟೇ ಒಂದೆರಡು ಸಲ ಅರ ಆಡಿಸಿ ಮತ್ತೆ ತೂರಿಸುವುದು. ಗುರುತು ಬೀಳುವುದು ನಿಂತ ಕಡೆ ಅರ ನಿಲ್ಲಿಸುವುದು. ಮುಕ್ಕಾಲು ಗಂಟೆಯಲ್ಲಿ ಬೀಗ ತಿರುಗಿತು.

ಹಳೆಯ ಬ್ರಿಟಿಷ್ ಕಾರುಗಳಾದರೆ ಇಷ್ಟು ಕಷ್ಟವಿಲ್ಲ. ಎಷ್ಟೋ ಗಾಡಿಗಳಲ್ಲಿ ಇಗ್ನಿಶನ್ ಬೀಗದ ಮುಖದ ಮೇಲೇ ಎಫ್‌ಎಸ್ ಎಂಬ ಅಕ್ಷರಗಳೂ ಮೂರಂಕಿಯ ಸಂಖ್ಯೆಯೂ ಅಚ್ಚಾಗಿರುತ್ತವೆ. ಆ ಸಂಖ್ಯೆ ಹೇಳಿದರೆ ಕೀ ತಯಾರಾಗುತ್ತದೆ.

ಡಿಕ್ಕಿಯ ಬೀಗಕ್ಕೆ ಬೇರೆ ಕೈ ಇತ್ತು, ಅದೂ ಸವೆದಿತ್ತು. ಎರಡೂ ಬೀಗಗಳ ಸಂದಿಯ ಆಕಾರ ಒಂದೇ ಆದ್ದರಿಂದ, ಒಂದೇ ಕೈಯಲ್ಲಿ ಎರಡೂ ತೆರೆಯುವಂತೆ ಮಾಡಬಹುದೇ ಎಂದು ಕೇಳಿದೆ. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಬಾಗಲದ್ದು ಕೀಲಿಗೆ ಚಾವಿ ಕೂಡಿಸೇನಿ. ಡಿಕ್ಕೀದು ಚಾವಿಗೆ ಕೀಲಿ ಕೂಡಸ್ತೀನಿ."

ಈ ಎರಡು ವಾಕ್ಯ ಕೇಳಿ ನನಗೆ ಆದ ಖುಷಿ ಹೇಳತೀರದು. ಇಂಗ್ಲಿಷಿನಲ್ಲಿ ಎರಡನೆಯದಕ್ಕೆ, ಅಂದರೆ ಬೇರೊಂದು ಕೈಗೆ ತೆರೆಯುವಂತೆ ಬೀಗದ ಒಳಭಾಗವನ್ನು ಬದಲಿಸುವುದಕ್ಕೆ, 'ರೀಕೀ' ಎಂಬ ಒಂದೇ ಪದವಿದೆ. ಅದನ್ನು ಕನ್ನಡಕ್ಕೆ ತರಲು ನಾನು ತಿಂಗಳುಗಟ್ಟಲೆ ಹೆಣಗಿದ್ದೆ. ಮರುಕೀಲಿಸು ಎಂದರೆ ಮತ್ತೆ ಬೀಗ ಹಾಕಿದಂತೆ ಕೇಳುತ್ತದೆ, ಕೀಲಿ ಬದಲಿಸು ಎಂದರೆ ಏನಾಗುತ್ತದೆಂದು ಅನುಭವಿಸಿಯಾಗಿದೆ. ಅವರು ಹೊಸ ಪದವನ್ನೇ ಕಟ್ಟಲಿಲ್ಲ. 'ಗೆ' ಪ್ರತ್ಯಯವನ್ನು ಆಚೆಯಿಂದ ಈಚೆಗಿಟ್ಟರು, ಅಷ್ಟೇ. ಯಾವುದಕ್ಕೆ 'ಗೆ' ಹತ್ತುತ್ತದೋ ಅದು ಬದಲಾಗದೆ ನಿಲ್ಲುತ್ತದೆ, ಇನ್ನೊಂದು ಅದಕ್ಕೆ ಹೊಂದಿಕೊಳ್ಳುತ್ತದೆ.

ಕೆಲಸವೂ ಹಾಗೇ ಇತ್ತು. ಡಿಕ್ಕಿ ಬೀಗದ ತಿರುಗುವ ಭಾಗವನ್ನು ಹೊರಗೆಳೆದು, ಬಿಲ್ಲೆಗಳನ್ನೂ ಅವುಗಳ ಪುಟ್ಟ ಸ್ಪ್ರಿಂಗ್‌ಗಳನ್ನೂ ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟರು. ಪ್ರತಿ ಬಿಲ್ಲೆಯ ನಡುವಿನ ಕಿಂಡಿ ಬೇರೆ ಬೇರೆ ಎತ್ತರದಲ್ಲಿರುತ್ತದೆ. ಬಾಗಿಲ ಕೈಯನ್ನು ತೂರಿಸಿದಾಗ ಯಾವ ಬಿಲ್ಲೆಯೂ ಹೊರಗೆ ಚಾಚದೆ ಮೈಸಮಕ್ಕೆ ಕೂರುವಂತೆ ಅವುಗಳ ಜಾಗ ಅದಲುಬದಲು ಮಾಡಿದರು. ಸರಿಹೊಂದದ ಒಂದಕ್ಕೆ ಹಳೆಯ ಬೀಗವೊಂದರಿಂದ ಬಿಲ್ಲೆ ತೆಗೆದು ಹಾಕಿದರು. ಚಾಚಿದ ಬಿಲ್ಲೆಯನ್ನು ಅರದಿಂದ ಉಜ್ಜಿ ಸಮ ಮಾಡುವವರೂ ಇದ್ದಾರೆ. ಹಾಗೆ ಮಾಡಿದ ಬೀಗ ಎಂಥ ಕೈಗೂ ತೆರೆದುಕೊಳ್ಳತೊಡಗುತ್ತದೆ, ದಯವಿಟ್ಟು ಒಪ್ಪಬೇಡಿ.

ಹಳೆಯ ಕಾರು ಇಟ್ಟುಕೊಂಡ ಗೆಳೆಯರಿಗಾಗಿ ಈ ಕೆಲಸದ ಬಗ್ಗೆ ಕನ್ನಡದಲ್ಲೊಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ಬೀಗ, ಬೀಗದ ಕೈ ಎಂದೇ ಬಳಸುತ್ತೇನೆ, ಎರಡೂ ಕಡೆಯವರಿಗೆ ಗೊಂದಲವಿಲ್ಲದೆ ತಿಳಿಯುತ್ತದೆ. ಕೀಲಿಯನ್ನು ಒಂಟಿಯಾಗಿ ಎಲ್ಲೂ ಬಳಸುವುದಿಲ್ಲ. ಆದರೆ ಕೆಲವು ಕಡೆ ತಡವರಿಸುತ್ತಿದ್ದೇನೆ.

ಕೈಯ ಅಂಚಿನಲ್ಲಿ ಕೊರೆದ ತಗ್ಗುಗಳಿಗೆ ಎಲ್ಲರೂ ಹಲ್ಲು ಅನ್ನುತ್ತಾರೆ. ಹಲ್ಲು ಉಬ್ಬಿರುವ ಭಾಗ, ಇಲ್ಲಿ ಲೆಕ್ಕಕ್ಕೆ ಬರುವುದು ತಗ್ಗಿನ ಆಳ. ತೆಂಗಿನ ಮರ ಹತ್ತಲು ಕಾಂಡದಲ್ಲಿ ಕಡಿಯುವ ಕಚ್ಚು ಇದೆಯಲ್ಲ, ಆ ಪದ ಇಲ್ಲಿಗೆ ಒಪ್ಪುತ್ತದೆಯೇ? ಬೋಳು ಕೈ ಎಂದು ಬರೆದರೆ ಏನೂ ಹಿಡಿಯದ ಬರಿಗೈ ಎಂದುಕೊಂಡಾರೇ? ಬಿಲ್ಲೆಗೆ ಬೀಗದ ಅಂಗಡಿಗಳಲ್ಲಿ ಬೇರೆ ಹೆಸರಿದೆಯೇ? ಮಲಯಾಳದಲ್ಲಿ ಬೀಗದ ಕೈಗೆ ತಾಕ್ಕೋಲ್ ಅನ್ನುತ್ತಾರೆ. ಕಾಸರಗೋಡು, ಮಂಗಳೂರು ಕಡೆಯ ಕನ್ನಡದಲ್ಲಿ ಅದರ ನಂಟಿನ ಮಾತು ಉಳಿದಿದ್ದರೆ ಅದನ್ನೂ ತಿಳಿಸಿ.

ಮುಖ್ಯವಾಗಿ ಬೇಕಾದದ್ದು 'ಚಾವಿಗೆ ಕೀಲಿ ಕೂಡಿಸುವುದು' ಎಂಬುದಕ್ಕೆ ನಿಮ್ಮೂರಿನ ಮಾತು. ಹೊಂದಿಸು, ಕೂರಿಸು, ಸೇರಿಸು, ಯಾವುದನ್ನು ಹೇಳುತ್ತಾರೆ? ನಿಘಂಟು ನೋಡಿ ಬರೆಯುವುದಕ್ಕಿಂತ, ಸಾಧ್ಯವಾದರೆ ಒಂದು ಹಳೆಯ ಬೀಗ ಹಿಡಿದು ರಿಪೇರಿಯವರ ಬಳಿ ಹೋಗಿ ಕೇಳಿ, ಅವರ ಬಾಯಿಂದ ಬಂದ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿ.