ಪದಚರ್ಚೆ: ‘ಹೊಡೆದರೆ’ ಅಂದರೆ ಬೀಸಿದ ಹಾಗೋ, ಏಟು ಬಿದ್ದ ಹಾಗೋ?

ಗೆಳೆಯರೇ,

ನಮ್ಮ ಮನೆಯಲ್ಲಿ ಒಂದು ಪದದ ಜಗಳ ಹತ್ತಿಕೊಂಡು ಮೂರು ಭಾನುವಾರ ಆಯಿತು. ಬಗೆಹರಿಯುವ ಲಕ್ಷಣ ಕಾಣುತ್ತಿಲ್ಲ. ತಪ್ಪು ನನ್ನದೇ. ಆದರೆ ಸರಿ ಯಾವುದು ಅಂತ ನನಗೂ ಪೂರ್ತಿ ಗೊತ್ತಾಗದೆ ಇಲ್ಲಿ ಕೇಳುತ್ತಿದ್ದೇನೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನುವ ಇಬ್ಬರು ಹೊರತಂದದ್ದು. ಮೇಜಿನ ಸುತ್ತ ಕೂತು ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಗೆದ್ದೆಯೋ ಬಿದ್ದೆಯೋ ಅನ್ನುವುದನ್ನು ದಾಳ ಹೇಳುತ್ತದೆ. ನನ್ನ ಅಕ್ಕನ ಮಗನಿಗೆ ಇದರ ಹುಚ್ಚು. ಅವನ ಹಿಂದೆ ನಮಗೆಲ್ಲ ಹತ್ತಿತು. ನಮ್ಮ ಅಮ್ಮ ಕೂಡ ಆಡುತ್ತಾರೆ. ಚೌಕಾಬಾರದಲ್ಲಿ ಅವರನ್ನು ಸೋಲಿಸಿದವರನ್ನು ನಾನು ಕಂಡಿಲ್ಲ, ಇದರಲ್ಲೂ ಅದೇ ಹಟ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನಾನು ಮೃಗಗಳ ವಿವರವನ್ನು ಕನ್ನಡದಲ್ಲಿ ಚೀಟಿ ಮಾಡಿ ಬರೆದೆ. 2014ರ ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಹಾಗಾಗಿ ಅನುವಾದಕ್ಕೆ ಯಾರ ಅಡ್ಡಿಯೂ ಇಲ್ಲ.

ಟ್ರೋಲ್ ಅನ್ನುವ ಮೃಗಕ್ಕೆ ನಾನು ಬರೆದ ಚೀಟಿ ಹೀಗಿತ್ತು:

“ರಕ್ಷೆ 15. ಕಸುವು 84. ಒಂದು ಸರದಿಗೆ ಮೂರು ಏಟು: ಬಾಯಿಂದ ಒಂದು, ಪಂಜದಿಂದ ಎರಡು. ದಾಳಕ್ಕೆ 7 ಕೂಡಿಸು. ಬಾಯಿ ಹೊಡೆದರೆ 1ಡಿ6+4. ಪಂಜ ಹೊಡೆದರೆ 2ಡಿ6+4.”

ರಕ್ಷೆ ಅಂದರೆ ಏಟು ತಡೆಯುವ ಅಂಕ. ಕಸುವು ಅಂದರೆ ಗಾಯವಾದಾಗ ಕಳೆಯುತ್ತಾ ಹೋಗುವ ಅಂಕ, ಅದು ಮುಗಿದರೆ ಬಿದ್ದ ಹಾಗೆ. 2ಡಿ6 ಅಂದರೆ ಆರು ಮುಖದ ಎರಡು ದಾಳ. ಅವತ್ತು ಟ್ರೋಲ್ ಆಡಿಸುತ್ತಿದ್ದವನು ಹುಡುಗ. ಎದುರಿಗೆ ಅಮ್ಮನ ಪಾತ್ರ: ಸರಪಳಿ ಅಂಗಿ, ಗುರಾಣಿ ಎಲ್ಲ ಸೇರಿ ರಕ್ಷೆ 18, ಕಸುವು 44. ಹುಡುಗ ಚೀಟಿ ಓದಿದ. ಬಾಯಿಗೆ ದಾಳ ಉರುಳಿಸಿದ, 3 ಬಿತ್ತು. ಅದಕ್ಕೆ 4, ಅದರ ಮೇಲೆ 7, ಒಟ್ಟು 14. ಮೊದಲ ಪಂಜಕ್ಕೆ 17. ಎರಡನೆಯದಕ್ಕೆ 19. “ಐವತ್ತು! ಅಜ್ಜಿ, ನೀನು ಬಿದ್ದೆ” ಅಂದ.

ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಲ್ಲ ಕಣೋ, ನಂಗೆ ತಾಕಿತೋ ಇಲ್ವೋ ಅಂತ ನೀನು ಗರಾನೇ ಹಾಕಲಿಲ್ಲ. ಏಟು ಹೆಂಗೆ ಬಿತ್ತು? ಈ ಕಬ್ಬಿಣದ ಅಂಗಿ ಸುಮ್ನೆ ಹೊತ್ಕೊಂಡು ತಿರುಗ್ತಿದ್ದೀನಾ ನಾನು?”

“ಚೀಟೀಲಿ ‘ಹೊಡೆದರೆ’ ಅಂತಿದೆ ಅಜ್ಜಿ. ಹೊಡೀತಲ್ಲ! ‘ಮೂರು ಏಟು’ ಅಂತ ಮಾಮಾನೇ ಬರೆದಿದ್ದಾರೆ.”

ಇಬ್ಬರೂ ನನ್ನ ಮುಖ ನೋಡಿದರು.

ಇಂಗ್ಲಿಷ್ ನಿಯಮದಲ್ಲಿ ಮೂರು ಹಂತ ಬೇರೆಬೇರೆ ಇವೆ. ಮೊದಲು ಮೃಗ ಕೈ ಎತ್ತುತ್ತದೆ, ಅದಕ್ಕೆ ಇಪ್ಪತ್ತು ಮುಖದ ದಾಳ. ಬಿದ್ದ ಗರಕ್ಕೆ 7 ಕೂಡಿಸಬೇಕು, ಎದುರಾಳಿಯ ರಕ್ಷೆಗೆ ಸಮ ಅಥವಾ ಜಾಸ್ತಿ ಆದರೆ ಏಟು ಕೂತ ಹಾಗೆ. ಆಮೇಲೆ ಮಾತ್ರ ಆರು ಮುಖದ ದಾಳ ಉರುಳಿಸಿ ಕಸುವು ಎಷ್ಟು ಹೋಯಿತು ಅಂತ ಲೆಕ್ಕ. ಮೂರು ಏಟಿಗೆ ಮೂರು ಸಲ ಪ್ರತ್ಯೇಕವಾಗಿ. ಅಮ್ಮನ ರಕ್ಷೆ 18 ಇದ್ದಾಗ ಟ್ರೋಲ್‌ಗೆ 11 ಅಥವಾ ಅದಕ್ಕಿಂತ ಮೇಲೆ ಬೀಳಬೇಕು, ಅಂದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಮೂರೂ ಕೂತರೂ ಸರಾಸರಿ 29. ಹುಡುಗ ಮೊದಲ ಹಂತವನ್ನೇ ಹಾರಿಸಿ, ಅದರ 7ನ್ನು ತಂದು ಕೊನೆಯ ಹಂತಕ್ಕೆ ಕೂಡಿಸಿದ್ದ. ಅವನನ್ನು ಬೈಯುವ ಹಾಗಿಲ್ಲ. ನನ್ನ ಕನ್ನಡದಲ್ಲಿ ಮೊದಲ ಹಂತ ಕಾಣುವುದೇ ಇಲ್ಲ.

ಈಗ ಪದದ ವಿಚಾರ.

‘ಹೊಡೆ’ ಅನ್ನುವ ಕ್ರಿಯಾಪದ ಇಷ್ಟು ಜಾರುಬಂಡೆ ಅಂತ ನಾನು ಯೋಚಿಸಿರಲಿಲ್ಲ. “ಕಲ್ಲು ಹೊಡೆದೆ, ತಾಗಲಿಲ್ಲ” ಅನ್ನಬಹುದು. “ಗುಂಡು ಹೊಡೆದ, ತಪ್ಪಿತು” ಅನ್ನಬಹುದು. ಇಲ್ಲಿ ಹೊಡೆಯುವುದು ಬರೀ ಪ್ರಯತ್ನ. ಆದರೆ “ಅವನಿಗೆ ಹೊಡೆದೆ, ತಾಗಲಿಲ್ಲ” ಅಂದರೆ ಕಿವಿಗೆ ಒಂಥರಾ ಆಗುತ್ತದೆ, ಅಲ್ವಾ? ಆಳಿಗೆ ಹೊಡೆದೆ ಅಂದಮೇಲೆ ಏಟು ಬಿದ್ದಾಗಿದೆ. ಇನ್ನು “ಹುಲಿ ಹಸೂನ ಹೊಡೀತು” ಅಂದರೆ ಹಸು ಸತ್ತೇಹೋಗಿದೆ. ಹೊಡೆಯುವುದು ಏನನ್ನು, ಹೊಡೆಯುವವರು ಯಾರು ಅನ್ನುವುದರ ಮೇಲೆ ಅರ್ಥ ಪ್ರಯತ್ನದಿಂದ ಪ್ರಾಣದವರೆಗೂ ಹೋಗುತ್ತದೆ. ಅದೂ ಮೃಗ ಹೊಡೆಯಿತು ಅಂದರೆ ಕತೆ ಮುಗಿಯಿತು ಅಂತಲೇ ನಮ್ಮ ಕಡೆ ಅರ್ಥ. ಟ್ರೋಲ್ ಮೃಗ. ಹುಡುಗನ ಓದು ಕನ್ನಡದ ಮಟ್ಟಿಗೆ ಸರಿಯಾಗಿಯೇ ಇದೆ.

‘ಏಟು’ ಅಂತೂ ಇನ್ನೂ ಮೋಸ. “ಎರಡೇಟು ಹಾಕಿದ” ಅಂದರೆ ಎರಡೂ ಮೈಮೇಲೆ ಬಿದ್ದಿವೆ. “ಏಟು ತಪ್ಪಿತು” ಅಂತಲೂ ಹೇಳುತ್ತೇವೆ ನಿಜ, ಆದರೆ ಹಾಗೆ ಬಿಡಿಸಿ ಹೇಳದಿದ್ದರೆ ಏಟು ಬಿದ್ದದ್ದೇ ಅಂತ ಲೆಕ್ಕ. (ನಮ್ಮ ಹಳ್ಳಿ ಕಡೆ ‘ಎಷ್ಟು’ ಅನ್ನುವುದಕ್ಕೂ ‘ಏಟು’ ಅನ್ನುತ್ತಾರೆ. “ಏಟು ಏಟು ಬಿತ್ತು?” ಅಂತ ಅಮ್ಮ ಕೇಳಿದಾಗ ಹುಡುಗ ಬಿದ್ದು ಬಿದ್ದು ನಕ್ಕ.)

ಪಕ್ಕದ ಮನೆಯವರು ಕುಂದಾಪುರದ ಕಡೆಯವರು. “ತಾಗಿದರೆ ಅಂತ ಬರೀರಿ ಮಾರಾಯ್ರೆ, ಅಷ್ಟೇ” ಅಂದರು. ಧಾರವಾಡದ ಗೆಳೆಯನೊಬ್ಬ “ಬಡದ್ರ ಅಂತ ಬರಿ. ಬಡದ್ರ ಬಡದಂಗ, ಅದರಾಗ ತಪ್ಪೂದು ಎಲ್ಲಿಂದ ಬಂತು?” ಅಂದ. ‘ತಾಗು’ ನನಗೂ ಹಿಡಿಸಿತು. ಆದರೆ ಒಂದು ತೊಡಕಿದೆ. ಈ ಆಟದಲ್ಲಿ ಪಂಜ ಗುರಾಣಿಗೆ ಬಡಿದು ಠಣ್ ಅಂದರೂ ಅದು ತಪ್ಪಿದ ಲೆಕ್ಕವೇ. ಗುರಾಣಿಗೆ ತಾಗಿತಲ್ಲ, ಆಳಿಗೆ ತಾಗಲಿಲ್ಲವಲ್ಲ! ‘ತಾಗಿದರೆ’ ಅಂತ ಬರೆದರೆ ಹುಡುಗ “ಗುರಾಣಿಗೆ ತಾಗಿತು, ಕಸುವು ಕಳಿ” ಅಂತ ಶುರು ಮಾಡುತ್ತಾನೆ, ನನಗೆ ಗ್ಯಾರಂಟಿ. ‘ನಾಟಿದರೆ’ ಅನ್ನೋಣ ಅಂದರೆ ಹಲ್ಲು, ಉಗುರು, ಬಾಣ ನಾಟುತ್ತವೆ, ಗದೆ ನಾಟುವುದಿಲ್ಲ.

ದಾರಿ ತೋರಿಸಿದ್ದು ಅಮ್ಮನ ಬೈಗುಳವೇ. ಗರ ‘ಹಾಕು’, ಏಟು ‘ಬೀಳು’. ಚೌಕಾಬಾರದಲ್ಲಿ ಕವಡೆ ಹಾಕುವುದು ನಮ್ಮ ಕೈಯಲ್ಲಿದೆ. ಚೌಕ ಬೀಳುತ್ತದೋ ಬಾರ ಬೀಳುತ್ತದೋ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಅಲ್ಲಿ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಏಟಿಗೂ ‘ಬಿದ್ದರೆ’ ಅಂತಲೇ ಬರೆದರೆ ಗದೆ, ಪಂಜ, ಹಲ್ಲು ಎಲ್ಲಕ್ಕೂ ಹೊಂದುತ್ತದೆ. ಇದು ನನ್ನ ಮಟ್ಟಿಗೆ ಇತ್ಯರ್ಥ.

ಉಳಿದದ್ದು ಮೊದಲ ಹಂತ, ಆ ಪ್ರಯತ್ನಕ್ಕೆ ಹೆಸರು. ನಿಘಂಟು ‘ದಾಳಿ’ ಅನ್ನುತ್ತದೆ. ದಾಳಿಗೆ ದಾಳ, ಪ್ರಾಸವೇನೋ ಚೆನ್ನಾಗಿದೆ. ಆದರೆ ದಾಳಿ ದೊಡ್ಡ ಪದ. ‘ಕಾಡಾನೆ ದಾಳಿ’ ಅಂತ ಪೇಪರಿನಲ್ಲಿ ಬಂದರೆ ಆನೆ ಸೊಂಡಿಲು ಒಂದು ಸಲ ಬೀಸಿ ಹೋಯಿತು ಅಂತ ಯಾರಾದರೂ ತಿಳಿಯುತ್ತಾರಾ? ನುಗ್ಗಿದ್ದು, ಎತ್ತಿ ಒಗೆದದ್ದು, ತುಳಿದದ್ದು ಎಲ್ಲ ಸೇರಿ ಒಂದು ದಾಳಿ.

ಹಾಗೆ ಯೋಚಿಸುತ್ತಿದ್ದಾಗಲೇ ಹೊಳೆದದ್ದು. ಟ್ರೋಲ್‌ನ ಮೂರೂ ಸೇರಿ ಒಂದು ದಾಳಿ ಅನ್ನಬಹುದಲ್ಲ! ನಿಯಮವೂ ಹೀಗೇ ಇದೆ. ಮೃಗ ತನ್ನ ಸರದಿಯಲ್ಲಿ ಮಾಡುವ ಕೆಲಸ ಒಂದೇ, ಅದರೊಳಗೆ ಮೂರು ಬಿಡಿ ಪ್ರಯತ್ನ. ಆ ಬಿಡಿ ಪ್ರಯತ್ನಕ್ಕೆ ಗಾದೆಯಲ್ಲೇ ಪದ ಇದೆ: “ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.” ಕೆಲವರು ನೂರು ವರ್ಷ ಅನ್ನುತ್ತಾರೆ, ಇರಲಿ. ಬೀಸುವುದು ಬೇರೆ, ಬೀಳುವುದು ಬೇರೆ, ನಡುವೆ ತಪ್ಪುವುದಕ್ಕೆ ಜಾಗ ಇದೆ. ನಿಯಮ ಪುಸ್ತಕಕ್ಕೆ ಇದಕ್ಕಿಂತ ಏನು ಬೇಕು? ಒಂದು ದಾಳಿ, ಮೂರು ಬೀಸು.

ಇನ್ನೊಂದು ಜಗಳವೂ ಇದರಲ್ಲೇ ತೀರಿತು. ಮೃಗದ ಕೈಗೆಟುಕುವ ದೂರದಿಂದ, ಟ್ರೋಲ್‌ಗಾದರೆ 5 ಅಡಿ, ಯಾರಾದರೂ ಎಚ್ಚರ ತಪ್ಪಿ ಆಚೆ ಹೆಜ್ಜೆ ಇಟ್ಟರೆ ಅದು ಸರದಿ ಇಲ್ಲದಿದ್ದರೂ ಒಂದು ಸಲ ಹೊಡೆಯಬಹುದು. ಹುಡುಗ ಅಲ್ಲೂ ಮೂರು ಹಾಕುತ್ತಿದ್ದ. ಈಗ “ದಾಳಿ ಇಲ್ಲ, ಒಂದೇ ಬೀಸು” ಅಂದರೆ ಮುಗಿಯಿತು. ಮೊದಲು ಇದಕ್ಕೆ ‘ಬೆನ್ನು ತೋರಿಸಿದವನಿಗೆ ಒಂದೇಟು’ ಅಂತ ಬರೆದಿದ್ದೆ. ಅಮ್ಮನಿಗೆ ಸಿಟ್ಟು ಬಂತು. “ನಾನೇನು ಓಡಿ ಹೋಗ್ತಿದ್ನಾ? ಆ ಕಡೆ ಇನ್ನೊಂದು ನಿಂತಿತ್ತು, ಅದನ್ನ ವಿಚಾರಿಸಿಕೊಳ್ಳೋಣ ಅಂತ ಹೊರಟೆ.” ಅದೂ ನಿಜವೇ. ಓಡಿಹೋಗುವವನಿಗೆ ಮಾತ್ರ ಅಂತ ನಿಯಮದಲ್ಲಿ ಇಲ್ಲ. ತೆಗೆದುಹಾಕಿದೆ.

ನಾನು ಸಿಕ್ಕಿಬಿದ್ದಿರುವುದು ಬಾಯಿಯ ಹತ್ತಿರ. ಪಂಜ ಬೀಸಬಹುದು, ಬಾಲ ಬೀಸಬಹುದು. ಬಾಯಿ ಬೀಸುವುದು ಹೇಗೆ? ‘ಕಚ್ಚಿದರೆ’ ಅಂದರೆ ಹಲ್ಲು ಊರಿಯಾಗಿದೆ, ಮತ್ತೆ ಹಳೇ ಕತೆಯೇ. ನಮ್ಮ ಮನೆಯಲ್ಲಿ “ನಾಯಿ ಕಾಲಿಗೆ ಬಾಯಿ ಹಾಕ್ತು, ಪುಣ್ಯಕ್ಕೆ ಪಂಚೆ ಮಾತ್ರ ಹರೀತು” ಅನ್ನುತ್ತೇವೆ. ಇಲ್ಲಿ ‘ಬಾಯಿ ಹಾಕು’ ಬರೀ ಪ್ರಯತ್ನ, ಗರ ಹಾಕಿದ ಹಾಗೆ. ಆದರೆ “ದನ ಪೈರಿಗೆ ಬಾಯಿ ಹಾಕ್ತು” ಅಂದರೆ ತಿಂದೇಬಿಟ್ಟಿದೆ. ಹಾಗಾದರೆ ಇದೂ ‘ಹೊಡೆ’ ಥರದ್ದೇನಾ? ನಿಮ್ಮ ನಿಮ್ಮ ಊರಿನಲ್ಲಿ “ನಾಯಿ ಬಾಯಿ ಹಾಕಿತು” ಅಂತಷ್ಟೇ ಹೇಳಿದರೆ ಕೇಳಿದವರು ಗಾಯ ಆಗಿದೆ ಅಂತ ತಿಳಿಯುತ್ತಾರಾ, ಇಲ್ಲ “ಆಮೇಲೆ?” ಅಂತ ಕೇಳುತ್ತಾರಾ? ಇದು ನನ್ನ ಮುಖ್ಯ ಪ್ರಶ್ನೆ.

ಎರಡನೆಯದು ಚಿಕ್ಕದು, ಆದರೆ ಮುಂದಿನ ಭಾನುವಾರಕ್ಕೆ ಬೇಕು. ಈ ಆಟದಲ್ಲಿ ಗಾಯದಲ್ಲೂ ಬಗೆಗಳಿವೆ: ಚುಚ್ಚಿದ್ದು, ಸೀಳಿದ್ದು, ಜಜ್ಜಿದ್ದು. ಹಲ್ಲಿನ ಗಾಯ ಚುಚ್ಚಿದ್ದರ ಲೆಕ್ಕಕ್ಕೆ, ಕತ್ತಿ ಮತ್ತು ಪಂಜದ್ದು ಸೀಳಿದ್ದರ ಲೆಕ್ಕಕ್ಕೆ. ಅಸ್ಥಿಪಂಜರಕ್ಕೆ ಜಜ್ಜಿದರೆ ಎರಡರಷ್ಟು ಹೋಗುತ್ತದೆ. ಓಕರ್ ಜೆಲ್ಲಿ ಅಂತ ಒಂದು ಲೋಳೆ ಪ್ರಾಣಿ ಇದೆ, ಅದನ್ನು ಸೀಳಿದರೆ ಸಾಯುವುದಿರಲಿ, ಒಂದು ಹೋಗಿ ಎರಡಾಗುತ್ತದೆ. ನಾನು ತೋಳದ ಚೀಟಿಯಲ್ಲಿ ‘ಕಡಿತ’ ಅಂತ ಬರೆದಿದ್ದೇನೆ. ನಾಯಿ ಕಡಿತ, ಹಾವು ಕಡಿತ ಇದ್ದ ಹಾಗೆ. ಹುಡುಗ ಈಗಲೇ ಹೇಳುತ್ತಿದ್ದಾನೆ: “ಮರ ಕಡೀತಾರೆ, ವಿದ್ಯುತ್ ಕಡಿತ ಮಾಡ್ತಾರೆ. ಕಡಿತ ಅಂದ್ರೆ ಕತ್ತರಿಸೋದು. ತೋಳ ಕಡಿದ್ರೆ ಜೆಲ್ಲಿ ಎರಡಾಗಬೇಕು.” ಆಟದಲ್ಲಿ ತೋಳ ಸಾಕಿರುವುದು ಅಮ್ಮ. ‘ಕಚ್ಚು’ ಅಂತ ಬದಲಾಯಿಸುವುದು ಸುಲಭ, ಆದರೆ ಅದರಿಂದ ‘ಕಡಿತ’ದ ಹಾಗೆ ಅಡಕವಾದ ಒಂದು ನಾಮಪದ ಸಿಗುತ್ತಿಲ್ಲ. ‘ಕಚ್ಚುವಿಕೆ’ ಬೇಡ ಪ್ಲೀಸ್, ಬಾಯಲ್ಲಿ ಹೊರಳುವುದಿಲ್ಲ.

ಅಂದ ಹಾಗೆ ಇವಕ್ಕೆಲ್ಲ ‘ರಾಕ್ಷಸ’ ಅನ್ನದೆ ‘ಮೃಗ’ ಅಂದದ್ದು ಯಾಕೆ ಅಂತ ಕೆಲವರು ಕೇಳಬಹುದು. ಆ ಪುಸ್ತಕದಲ್ಲಿ ರಾಕ್ಷಸ ಅನ್ನುವ ಹೆಸರಿನದೇ ಒಂದು ಬೇರೆ ಇದೆ. ಹುಲಿ ತಲೆ, ಅಂಗೈ ಹಿಂದುಮುಂದು. ನಮ್ಮ ಪದವನ್ನೇ ಒಯ್ದು ಒಂದೇ ಪ್ರಾಣಿಗೆ ಕಟ್ಟಿಹಾಕಿದ್ದಾರೆ. ಲೋಳೆಯನ್ನೂ ಅಸ್ಥಿಪಂಜರವನ್ನೂ ‘ಮೃಗ’ ಅನ್ನುವುದು ಸರಿಯಲ್ಲ, ಗೊತ್ತು. ಅದನ್ನು ಇನ್ನೊಂದು ದಿನ ಕೇಳುತ್ತೇನೆ.

ಸದ್ಯಕ್ಕೆ ತಿದ್ದಿದ ಚೀಟಿ ಹೀಗಿದೆ, ಎಲ್ಲಿ ಎಡವುತ್ತದೆ ನೋಡಿ:

“ಸರದಿಗೆ ಒಂದು ದಾಳಿ. ದಾಳಿಯಲ್ಲಿ ಒಂದು ಸಲ ಬಾಯಿ ಹಾಕುತ್ತದೆ, ಎರಡು ಸಲ ಪಂಜ ಬೀಸುತ್ತದೆ. ಪ್ರತಿ ಸಲವೂ ಇಪ್ಪತ್ತರ ದಾಳ ಹಾಕು, ಬಿದ್ದ ಗರಕ್ಕೆ 7 ಕೂಡಿಸು. ಮೊತ್ತ ಎದುರಾಳಿಯ ರಕ್ಷೆಗೆ ಸಮ ಅಥವಾ ಜಾಸ್ತಿ ಆದರೆ ಏಟು ಬಿತ್ತು. ಬಾಯಿ ಬಿದ್ದರೆ 1ಡಿ6+4, ಪಂಜ ಬಿದ್ದರೆ 2ಡಿ6+4 ಕಸುವು ಕಳೆ.”

‘ಬಾಯಿ ಬಿದ್ದರೆ’ ಅಂತ ಓದಿದ ಕೂಡಲೇ ಅಮ್ಮ “ನನ್ನ ಬಾಯಿ ಬಿದ್ದೋಗತ್ತಾ?” ಅಂದರು. ಶನಿವಾರದೊಳಗೆ ಯಾರಾದರೂ ಏನಾದರೂ ಹೇಳಿ.